ಟರ್ಕಿ ಬೇಟೆಗೆ ಮುಂಚೆ ಕೋವಿಯ ಚರೆ ಎಲ್ಲಿ ಹೊಡೆದು ನೋಡೋದು?

ಪ್ರಶ್ನೆ:
ಅಕ್ಕಾ, ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ಒಂಬತ್ತು ವರ್ಷದಿಂದ ಅಮೆರಿಕದ ಮಿಸೌರಿಯಲ್ಲಿ, ಸೇಂಟ್ ಲೂಯಿಸ್ ಪಕ್ಕ ಇದ್ದೇನೆ. ಗ್ರೀನ್ ಕಾರ್ಡ್ ಇದೆ. ಈ ಏಪ್ರಿಲ್‌ನಲ್ಲಿ ಮೊದಲ ಸಲ ಟರ್ಕಿ ಕೋಳಿ ಬೇಟೆಗೆ ಹೋಗೋಣ ಅಂತ ಹಂಟರ್ ಎಜುಕೇಶನ್ ಮುಗಿಸಿದೆ, ಒಂದು 12 ಬೋರ್ ಪಂಪ್ ಕೋವಿ ತೆಗೆದುಕೊಂಡೆ. ಕ್ಲಾಸಿನಲ್ಲಿ "ಕಾಡಿಗೆ ಹೋಗೋ ಮುಂಚೆ ಪ್ಯಾಟರ್ನ್ ಮಾಡಿ ನೋಡಿ" ಅಂದರು, ಅಂದರೆ ತೋಟಾದೊಳಗಿನ ಸಣ್ಣ ಚರೆ ಹೇಗೆ ಹರಡುತ್ತೆ ಅಂತ ಕಾಗದಕ್ಕೆ ಹೊಡೆದು ನೋಡೋದು. ಎಲ್ಲಿ ಮಾಡೋದು ಅಂತ ಮಾತ್ರ ಹೇಳಲಿಲ್ಲ.

ಹೋದ ಶನಿವಾರ ಗುರಿ ಹೊಡೆಯೋ ಒಂದು ರೇಂಜಿಗೆ ಹೋದೆ. ರೈಫಲ್ ಬೆಂಚಿನಲ್ಲಿ ಕೂತು ತೋಟಾ ಡಬ್ಬಿ ಹೊರಗೆ ತೆಗೆದೆ ಅಷ್ಟೆ. ಅಲ್ಲಿನವರು ಬಂದು "ಇಲ್ಲಿ ಚರೆ ಹೊಡೆಯೋ ಹಾಗಿಲ್ಲ" ಅಂದರು. ಪಕ್ಕದಲ್ಲೇ ಕ್ಲೇ ತಟ್ಟೆ ಹಾರಿಸಿ ಅದಕ್ಕೆ ಕೋವಿ ಹೊಡೆಯೋ ಮೈದಾನ ಇತ್ತು. ಅಲ್ಲಿಗೆ ಹೋದರೆ ಡಬ್ಬಿ ಮೇಲಿನ ನಂಬರ್ ನೋಡಿ ಅವರೂ ಬೇಡ ಅಂದರು. ದುಡ್ಡು ಕಟ್ಟಿ, ಒಂದೂ ಈಡು ಹೊಡೆಯದೆ ವಾಪಸ್ ಬಂದೆ. ನೀವು ರೇಂಜಿನಲ್ಲಿ ಕೆಲಸ ಮಾಡಿದವರು. ನಾನೇನು ತಪ್ಪು ಮಾಡಿದೆ? ಎಲ್ಲಿಗೆ ಹೋಗಲಿ?

ಉತ್ತರ:
ತಪ್ಪು ನಿಮ್ಮದೂ ಅಲ್ಲ, ಅವರದೂ ಅಲ್ಲ. ಫೋನಿನಲ್ಲಿ ಮೊದಲೇ ಒಂದು ಮಾತು ಕೇಳಿದ್ದರೆ ಪೆಟ್ರೋಲ್ ಉಳೀತಿತ್ತು, ಅಷ್ಟೆ. ನಾನು ವಾರಾಂತ್ಯ ರೇಂಜಿನಲ್ಲಿ ನಿಲ್ಲುತ್ತಿದ್ದಾಗ ಪ್ರತಿ ಮಾರ್ಚಿನಲ್ಲೂ ನಿಮ್ಮಂಥವರು ಹತ್ತು ಜನ ಬರೋರು. ಮುಖ ಸಣ್ಣ ಮಾಡಿಕೊಂಡು ಹೋಗೋರು.

ರೈಫಲ್ ಬೆಂಚಿನಲ್ಲಿ ಯಾಕೆ ಬೇಡ ಅಂತಾರೆ? ರೈಫಲ್ ಗುಂಡು ಒಂದೇ ತೂತು ಮಾಡುತ್ತೆ. ನಿಮ್ಮ ತೋಟಾದಲ್ಲಿ ಮುನ್ನೂರು ಚರೆ ಇರುತ್ತೆ. 40 ಗಜ ಹೋಗೋ ಹೊತ್ತಿಗೆ ಅದು ಕಂಬಳಿ ಹಾಸಿದ ಹಾಗೆ ಹರಡಿಕೊಳ್ಳುತ್ತೆ. ನಿಮ್ಮ ಕಾಗದಕ್ಕೆ ಸ್ವಲ್ಪ, ಪಕ್ಕದವರ ಕಾಗದಕ್ಕೆ ಸ್ವಲ್ಪ, ಉಳಿದದ್ದು ಮರದ ಚೌಕಟ್ಟಿಗೆ. ಒಂದು ಸೀಸನ್‌ನಲ್ಲಿ ಚೌಕಟ್ಟೆಲ್ಲ ಗೆದ್ದಲು ತಿಂದ ಹಾಗೆ ಆಗುತ್ತೆ. ಜೊತೆಗೆ ಎಷ್ಟೋ ಕಡೆ ಗುರಿ ನಿಲ್ಲಿಸೋ ಜಾಗ 25, 50, 100 ಗಜಕ್ಕೇ ಇರುತ್ತೆ. ಪ್ಯಾಟರ್ನ್ ಮಾಡೋಕೆ ನಿಮಗೆ ಬೇಕಾದ 40 ಗಜ ಅಲ್ಲಿ ಇರಲ್ಲ.

ಕ್ಲೇ ಮೈದಾನದ ಕತೆ ಬೇರೆ. ಅಲ್ಲಿ ತಟ್ಟೆ ಆಕಾಶದಲ್ಲಿರುತ್ತೆ, ಚರೆ ದೂರ ಹೋಗಿ ಬೀಳುತ್ತೆ. ಚರೆ ದಪ್ಪ ಇದ್ದಷ್ಟೂ ದೂರ ಹೋಗುತ್ತೆ. ಅದಕ್ಕೇ ಸಾಮಾನ್ಯವಾಗಿ ಏಳೂವರೆ ನಂಬರ್ ಅಥವಾ ಅದಕ್ಕಿಂತ ಸಣ್ಣ ಚರೆಗೆ ಮಾತ್ರ ಬಿಡುತ್ತಾರೆ. ನಂಬರ್ ಜಾಸ್ತಿ ಆದಷ್ಟೂ ಚರೆ ಸಣ್ಣದು, ಇದು ಹೊಸಬರಿಗೆ ಉಲ್ಟಾ ಅನಿಸುತ್ತೆ. ಸೀಸದ ಟರ್ಕಿ ತೋಟಾ ಬರೋದು ಸಾಮಾನ್ಯವಾಗಿ 4, 5, 6 ನಂಬರಿನಲ್ಲಿ. ಎಲ್ಲವೂ ಏಳೂವರೆಗಿಂತ ದಪ್ಪ. ಅವರು ಡಬ್ಬಿ ನೋಡಿದ ಕೂಡಲೇ ತಲೆ ಅಲ್ಲಾಡಿಸಿದ್ದು ಅದಕ್ಕೆ.

ನಿಮಗೆ ಬೇಕಾದದ್ದು ಮೂರನೇ ಥರದ ಜಾಗ. ಅದಕ್ಕೆ ಅಲ್ಲಿ 'ಶಾಟ್‌ಗನ್ ಪ್ಯಾಟರ್ನಿಂಗ್' ಅಂತಲೇ ಹೇಳುತ್ತಾರೆ. ನೀವು ಮಿಸೌರಿಯಲ್ಲಿ ಇರೋದು ಪುಣ್ಯ. ರಾಜ್ಯದ ಕನ್ಸರ್ವೇಶನ್ ಇಲಾಖೆಯೇ ಸಾರ್ವಜನಿಕ ರೇಂಜುಗಳನ್ನು ನಡೆಸುತ್ತೆ. ಸಿಬ್ಬಂದಿ ಇರೋ ರೇಂಜ್ ನಿಮ್ಮ ಹತ್ತಿರ ಎರಡಿವೆ: ಹೈ ರಿಡ್ಜ್‌ನ ಜೇ ಹೆಂಜಸ್ ರೇಂಜ್, ಮತ್ತೆ ಸೇಂಟ್ ಚಾರ್ಲ್ಸ್ ಕೌಂಟಿಯ ಬುಷ್ ರೇಂಜ್. ಎರಡರಲ್ಲೂ ಪ್ಯಾಟರ್ನಿಂಗ್‌ಗೆ ಅಂತಲೇ ಜಾಗ ಇದೆ. ಸಣ್ಣ ಫೀಸು. ಕಾನ್ಸಾಸ್ ಸಿಟಿ ಕಡೆಯವರಿಗೆ ಪಾರ್ಮಾ ವುಡ್ಸ್ ಮತ್ತು ಲೇಕ್ ಸಿಟಿ, ಸ್ಪ್ರಿಂಗ್‌ಫೀಲ್ಡ್ ಕಡೆಯವರಿಗೆ ಆಂಡಿ ಡಾಲ್ಟನ್. ಸಿಬ್ಬಂದಿ ಇಲ್ಲದ, ಪುಕ್ಕಟೆ ರೇಂಜುಗಳೂ ಬೇಕಾದಷ್ಟಿವೆ. ಅಲ್ಲಿ ಹೇಳೋರು ಕೇಳೋರು ಇರಲ್ಲ, ಬೋರ್ಡಿನಲ್ಲಿ ಬರೆದದ್ದೇ ಕಾನೂನು. ಮೊದಲ ಸಲ ಹೋಗೋರು ಸಿಬ್ಬಂದಿ ಇರೋ ಕಡೆಗೇ ಹೋಗಿ.

ಹೊರಡೋ ಮುಂಚೆ ಫೋನ್ ಮಾಡಿ. "ಶಾಟ್‌ಗನ್ ಹೊಡೀಬಹುದಾ" ಅಂತ ಕೇಳಬೇಡಿ. ಎಲ್ಲರೂ "ಹೂಂ" ಅಂತಾರೆ, ಮನಸ್ಸಿನಲ್ಲಿ ಕ್ಲೇ ಇರುತ್ತೆ. ಹೀಗೆ ಕೇಳಿ: "ಟರ್ಕಿ ತೋಟಾ, 5ನೇ ನಂಬರ್ ಚರೆ. ಪ್ಯಾಟರ್ನ್ ಮಾಡೋಕೆ 40 ಗಜದ ಜಾಗ ಇವತ್ತು ತೆರೆದಿದೆಯಾ? ಕಾಗದ, ಚೌಕಟ್ಟು ನಿಮ್ಮದಾ ನನ್ನದಾ?" ಟಂಗ್‌ಸ್ಟನ್ ಚರೆ ಆದರೆ ಅದನ್ನೂ ಹೇಳಿ. ಅದರ ಡಬ್ಬಿ ಮೇಲೆ 9 ನಂಬರ್ ಇದ್ದರೂ ಸೀಸಕ್ಕಿಂತ ಒಂದೂವರೆ ಪಟ್ಟು ಭಾರ, ಅದಕ್ಕೆ ಬೇರೆ ನಿಯಮ ಇರಬಹುದು. ಕೆಲವು ಖಾಸಗಿ ಕ್ಲಬ್‌ಗಳಲ್ಲಿ ಗ್ರೀಸ್ ಬಳಿದ ಕಬ್ಬಿಣದ ಹಲಗೆ ಇರುತ್ತೆ. ಅದಕ್ಕೆ ಸೀಸದ ಚರೆ ಮಾತ್ರ. ಸ್ಟೀಲ್, ಟಂಗ್‌ಸ್ಟನ್ ಹೊಡೆದರೆ ತಿರುಗಿ ಮುಖಕ್ಕೇ ಬರುತ್ತೆ.

ಮಾರ್ಚ್ ಕೊನೆಯ ಶನಿವಾರ ಮಾತ್ರ ಹೋಗಬೇಡಿ. ಜಾತ್ರೆ. ವಾರದ ಮಧ್ಯೆ ಒಂದು ದಿನ ರಜೆ ಹಾಕಿ.

ಇನ್ನೊಬ್ಬರು:
ಅಷ್ಟೆಲ್ಲ ಯಾಕೆ? ನನ್ನ ಮನೆ ಹಿಂದೆ ಒಂದು ಎಕರೆ ಇದೆ, ಬಂದು ಹೊಡ್ಕೊಳ್ಳಿ.

ಉತ್ತರ:
ಬೇಡ ಮಾರಾಯ್ರೇ. ಊರಿನ ಮಿತಿಯೊಳಗೆ ಇದ್ದರೆ ಪೊಲೀಸರು ಬರುತ್ತಾರೆ. ಹಳ್ಳಿಯಲ್ಲಿ ಪರಿಚಯದ ರೈತರ ಜಮೀನು, ಹಿಂದೆ ಮಣ್ಣಿನ ದಿಬ್ಬ, ಅವರ ಒಪ್ಪಿಗೆ, ಇಷ್ಟಿದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಹೋಗುವಾಗ ಒಂದು ಡಬ್ಬ ಮೈಸೂರು ಪಾಕ್ ತಗೊಂಡು ಹೋಗಿ, ಬೇಟೆಗೂ ಅಲ್ಲೇ ಜಾಗ ಸಿಕ್ಕಿದರೂ ಸಿಕ್ಕೀತು. ಇನ್ನೊಂದು ದಾರಿ ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್. ಅಲ್ಲಿ ಮನೆ, ಕ್ಯಾಂಪ್, ಜನ ಇರೋ ಜಾಗದಿಂದ 150 ಗಜದೊಳಗೆ ಹೊಡೆಯೋ ಹಾಗಿಲ್ಲ, ರಸ್ತೆಗೆ ಅಡ್ಡವಾಗಿ ಹೊಡೆಯೋ ಹಾಗಿಲ್ಲ. ರಾಜ್ಯದ ಕನ್ಸರ್ವೇಶನ್ ಏರಿಯಾಗಳಲ್ಲಿ ಗುರಿ ಹೊಡೆಯೋದು ಅದಕ್ಕೆಂದೇ ಇರೋ ರೇಂಜಿನಲ್ಲಿ ಮಾತ್ರ. ಇವೆರಡನ್ನೂ ಒಂದೇ ಅಂದುಕೊಂಡು ದಂಡ ಕಟ್ಟಿದವರನ್ನು ನೋಡಿದ್ದೇನೆ.

ಪ್ರಶ್ನೆ (ಮೊದಲಿನವರು):
ಥ್ಯಾಂಕ್ಸ್ ಅಕ್ಕಾ. ಹೋದ ಮೇಲೆ ಏನು ಮಾಡೋದು? ಸುಮ್ನೆ ಕಾಗದಕ್ಕೆ ಹೊಡೆದು ತೂತು ಎಣಿಸೋದಾ?

ಉತ್ತರ:
ಎಣಿಸೋದೇ. ಆದರೆ ಮೊದಲು ಕೋವಿ ಎಲ್ಲಿಗೆ ಹೊಡೀತಿದೆ ಅಂತ ನೋಡಬೇಕು, ಆಮೇಲೆ ಎಷ್ಟು ಒತ್ತಾಗಿ ಹೊಡೀತಿದೆ ಅಂತ. ಎರಡೂ ಬೇರೆ. ಜನ ಎರಡನೆಯದನ್ನೇ ನೋಡಿ ಖುಷಿಪಡುತ್ತಾರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆ ಹಾಸೋ ಕಂದು ಕಾಗದದ ಸುರುಳಿ ಸಿಗುತ್ತೆ, ಒಂದು ಗಜದಷ್ಟು ಅಗಲ. ಅದು ತನ್ನಿ. ಟೀವಿ ಬಂದ ರಟ್ಟಿನ ಡಬ್ಬ, ಸ್ಟೇಪ್ಲರ್, ಎರಡು ಬಣ್ಣದ ಮಾರ್ಕರ್, ಕಿವಿಗೆ ಮಫ್, ಕನ್ನಡಕ. ಒಂದು ಡಬ್ಬಿ ಅಗ್ಗದ ಹಗುರ ತೋಟಾ ಕೂಡ. ಅದಕ್ಕೂ ಅನುಮತಿ ಇದೆಯಾ ಅಂತ ಕೇಳಿಕೊಳ್ಳಿ.

ಬೆಂಚಿನಲ್ಲಿ ಕೂತು, ಕೋವಿಯ ಮುಂದಿನ ಹಿಡಿಯನ್ನು ಮರಳು ಚೀಲದ ಮೇಲೆ ಇಟ್ಟು, 20 ಗಜದಿಂದ ಹಗುರ ತೋಟಾ ಹೊಡೆಯಿರಿ. ನಡುವಿನ ಚುಕ್ಕಿಗೆ ಗುರಿ ಇಡಿ. ಚರೆಯ ಗುಂಪಿನ ಮಧ್ಯ ಆ ಚುಕ್ಕಿಯ ಮೇಲೆ ಇದೆಯಾ ನೋಡಿ. ಇಷ್ಟು ಹತ್ತಿರದಿಂದ ತೋಟಾದೊಳಗೆ ಚರೆ ಹಿಡಿದಿಡೋ ಪ್ಲಾಸ್ಟಿಕ್ ವಾಡ್ ಕೂಡ ಕಾಗದಕ್ಕೆ ಬಡಿದು ದೊಡ್ಡ ತೂತು ಮಾಡಬಹುದು, ಗಾಬರಿ ಆಗಬೇಡಿ. ಟರ್ಕಿ ತೋಟಾ ಭುಜಕ್ಕೆ ಕತ್ತೆ ಒದ್ದ ಹಾಗೆ ಒದೆಯುತ್ತೆ. ಅದರಲ್ಲೇ ಶುರು ಮಾಡಿದರೆ ನಾಲ್ಕನೇ ಈಡಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತೆ, ಆಮೇಲೆ ನೋಡಿದ್ದೆಲ್ಲ ಸುಳ್ಳು.

ಆಮೇಲೆ ಅಸಲಿ ತೋಟಾ, 40 ಗಜ. ಪ್ರತಿ ಈಡಿಗೂ ಹೊಸ ಕಾಗದ. ಒಂದೊಂದು ಚೋಕ್‌ಗೆ ಮೂರು ಈಡು. ಚೋಕ್ ಅಂದರೆ ನಳಿಗೆ ತುದಿಗೆ ಹಾಕೋ ಸಣ್ಣ ಕೊಳವೆ, ಬಿಗಿಯಾದಷ್ಟೂ ಚರೆ ಕಡಿಮೆ ಹರಡುತ್ತೆ. ಒಂದೇ ಹೊಡೆದು ನಂಬಬೇಡಿ. ಹೊಡೆದ ಮೇಲೆ, ತೂತು ಎಲ್ಲಿ ಒತ್ತಾಗಿದೆಯೋ ಅಲ್ಲಿ 10 ಇಂಚು ಅಗಲದ ವೃತ್ತ ಬರೆಯಿರಿ. ಊಟದ ತಟ್ಟೆ ಇಟ್ಟು ಸುತ್ತ ಗೆರೆ ಎಳೆದರೆ ಸಾಕು. ಒಳಗೆ ನೂರು ತೂತು ಇದ್ದರೆ ಆ ದೂರಕ್ಕೆ ನಡೆಯುತ್ತೆ ಅನ್ನೋದು ಟರ್ಕಿ ಬೇಟೆಯವರ ರೂಢಿ ಲೆಕ್ಕ. ಟರ್ಕಿಗೆ ಗುರಿ ಇಡೋದು ತಲೆ, ಕತ್ತಿಗೆ. ಮೈಗೆ ಹೊಡೆದರೆ ರೆಕ್ಕೆ ತಡೆಯುತ್ತೆ, ಕೋಳಿ ಗಾಯ ಮಾಡಿಕೊಂಡು ಪೊದೆ ಸೇರುತ್ತೆ. ಪುಸ್ತಕದಲ್ಲಿ 30 ಇಂಚು ವೃತ್ತದ ಲೆಕ್ಕ ನೋಡಿರಬಹುದು, 40 ಗಜದಲ್ಲಿ ಮಧ್ಯಮ ಬಿಗಿಯ ಮಾಡಿಫೈಡ್ ಚೋಕ್‌ಗೆ ನೂರಕ್ಕೆ 60 ಚರೆ ಒಳಗೆ, ಇನ್ನೂ ಬಿಗಿಯಾದ ಫುಲ್‌ಗೆ 70 ಅಂತ. ಅದು ಹಾರೋ ಹಕ್ಕಿಗೆ.

ಮಿಸೌರಿಯಲ್ಲಿ ಟರ್ಕಿಗೆ 4ನೇ ನಂಬರಿಗಿಂತ ದಪ್ಪ ಚರೆ ಬಳಸೋ ಹಾಗಿಲ್ಲ, ಅದು ನೆನಪಿರಲಿ. ಚೋಕ್ ಬದಲಾಯಿಸುವಾಗ ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಪೂರ್ತಿ ಬಿಗಿ ಮಾಡಿ. "ಸೀಸ್ ಫೈರ್" (ಹೊಡೆಯೋದು ನಿಲ್ಲಿಸಿ) ಅಂದ ಮೇಲೆ ಕೋವಿ ಮುಟ್ಟಲೇಬಾರದು, ಒರೆಸೋಕೂ ಬೇಡ. ಮುಗಿದ ಮೇಲೆ ಕೈ ತೊಳೆದುಕೊಂಡೇ ಬುತ್ತಿ ಬಿಚ್ಚಿ, ಸೀಸದ ಪುಡಿ ಹತ್ತಿರುತ್ತೆ.

ಮೂರನೆಯವರು:
ಮೇಡಂ, ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಇವರ ಜೊತೆ ಹೋಗಿ ಎರಡು ಈಡು ಹೊಡೀಬಹುದಾ? ಕೋವಿ ನನ್ನದಲ್ಲವಲ್ಲ.

ಉತ್ತರ:
ನಿಲ್ಲಿ. ಇದು ಕೋವಿ ಯಾರದು ಅನ್ನೋ ಪ್ರಶ್ನೆ ಅಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ನಾನ್-ಇಮಿಗ್ರೆಂಟ್ ವೀಸಾದವರು ಕೋವಿಯಷ್ಟೇ ಅಲ್ಲ, ತೋಟಾ ಇಟ್ಟುಕೊಳ್ಳೋದೂ ಅಪರಾಧ. ಕೆಲವು ವಿನಾಯಿತಿ ಇವೆ. ನಿಮ್ಮಂಥವರಿಗೆ ಉಪಯೋಗಕ್ಕೆ ಬರೋದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದು ಜೇಬಿನಲ್ಲಿರಬೇಕು. ಗ್ರೀನ್ ಕಾರ್ಡಿನವರಿಗೆ ಈ ತೊಡಕಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ. ಮಿಸೌರಿಯಲ್ಲಿ ವರ್ಷದ ಬೇಟೆ ಪರ್ಮಿಟ್ ಫೆಬ್ರವರಿ ಕೊನೆಯ ದಿನಕ್ಕೆ ಮುಗಿಯುತ್ತೆ. ಪ್ಯಾಟರ್ನ್ ಮಾಡೋದು ಮಾರ್ಚಿನಲ್ಲಿ. ಹೋದ ವರ್ಷದ ಚೀಟಿ ಇಟ್ಟುಕೊಂಡು ರೇಂಜಿಗೆ ಹೋದರೆ ನಿಮ್ಮ ಹತ್ತಿರ ಲೈಸೆನ್ಸ್ ಇಲ್ಲ ಅಂತಲೇ ಅರ್ಥ. ಹೊಸ ಪರ್ಮಿಟ್ ತೆಗೆದುಕೊಂಡು ಹೋಗಿ. 1967ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಅದಕ್ಕೂ ಮುಂಚೆ ಹಂಟರ್ ಎಜುಕೇಶನ್ ಬೇಕು. ವೀಸಾ ವಿಷಯ ಆದ್ದರಿಂದ ನಿಮ್ಮ ವಕೀಲರನ್ನೂ ಒಂದು ಮಾತು ಕೇಳಿ. ಅಲ್ಲಿವರೆಗೆ ಸ್ನೇಹಿತರಿಗೆ ತೂತು ಎಣಿಸಿಕೊಡಿ, ಅದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ.

ನಾಲ್ಕನೆಯವರು:
ನಮ್ಮ ತಾತ ಜೋಡುನಳಿಗೆ ಕೋವಿ ತಂದಾಗ ಹಲಸಿನ ಮರಕ್ಕೆ ಹಳೇ ಗೋಣಿಚೀಲ ಕಟ್ಟಿ ಹೊಡೆದು ನೋಡಿದ್ದರಂತೆ. ಅದೂ ಇದೇ ಅಲ್ವಾ?

ಉತ್ತರ:
ಅದೇ! ನಮ್ಮಪ್ಪನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಒಂಟಿನಳಿಗೆ ಕೋವಿ ಇತ್ತು, ಸಕಲೇಶಪುರದ ತೋಟದಲ್ಲಿ. ಅವರು ಗುರಿ ನೋಡಿದ್ದು ಹಳೇ ಪಂಚೆಗೆ. ಅಮ್ಮ ಆ ಪಂಚೆಯಲ್ಲಿ ಆಮೇಲೆ ಹಿಟ್ಟು ಜರಡಿ ಹಿಡೀಬಹುದು ಅಂತ ನಗೋರು. ಊರಲ್ಲಿರೋರು ಇದನ್ನು ಓದಿ ಬೇಟೆಗೆ ಹೊರಡಬೇಡಿ ಮತ್ತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕತೆ ಮುಗೀತು.

ಇಲ್ಲಿ ಅಮೆರಿಕದಲ್ಲಿ ಲೆಕ್ಕ ಬೇರೆ. ನೀವು ಕೊಂಡ ಪ್ರತಿ ತೋಟಾ ಡಬ್ಬಿಯ ಮೇಲೂ ಕೋವಿಯ ಮೇಲೂ ನೂರಕ್ಕೆ 11ರಷ್ಟು ತೆರಿಗೆ ಇದೆ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯದು. ತಯಾರಕರು ಕಟ್ಟುತ್ತಾರೆ, ಬೆಲೆಯಲ್ಲಿ ನಮ್ಮಿಂದ ವಸೂಲಿ. ಆ ಹಣ ರಾಜ್ಯಗಳಿಗೆ ಹೋಗುತ್ತೆ, ವನ್ಯಜೀವಿಗೆ, ಹಂಟರ್ ಎಜುಕೇಶನ್‌ಗೆ, ರೇಂಜ್ ಕಟ್ಟೋಕೆ. ಹಾಗಾಗಿ ಸಾರ್ವಜನಿಕ ರೇಂಜಿಗೆ ಹೋಗೋಕೆ ಸಂಕೋಚ ಬೇಡ, ನೀವೂ ದುಡ್ಡು ಹಾಕಿದ್ದೀರಿ.

ಪ್ರಶ್ನೆ (ಮೊದಲಿನವರು, ಎರಡು ವಾರ ಬಿಟ್ಟು):
ಅಕ್ಕಾ, ಹೋಗಿ ಬಂದೆ! ನೀವು ಹೇಳಿದ ಮಾತನ್ನೇ ಫೋನಿನಲ್ಲಿ ಕೇಳಿದೆ, ಅವರೇ ಬುಧವಾರ ಬೆಳಿಗ್ಗೆ ಬನ್ನಿ ಅಂದರು. ಮಗಳು ಕಾಗದವನ್ನು ಊಟದ ಟೇಬಲ್ ಮೇಲೆ ಹಾಸಿ ಒಂದೊಂದು ತೂತಿಗೂ ಕೆಂಪು ಚುಕ್ಕಿ ಇಟ್ಟು ಎಣಿಸಿದಳು. ಎರಡು ಕಡೆ ಜಗಳ ಆಯಿತು, ಗೆರೆ ಮೇಲೆ ಬಿದ್ದ ತೂತು ಒಳಗಾ ಹೊರಗಾ ಅಂತ.

ತೋಟಾ 3 ಇಂಚಿನದು, ಒಂದೂಮುಕ್ಕಾಲು ಔನ್ಸ್, 5ನೇ ನಂಬರ್ ಸೀಸ. ಕೋವಿ ಜೊತೆ ಬಂದ ಮಾಡಿಫೈಡ್ ಚೋಕ್‌ನಲ್ಲಿ 40 ಗಜಕ್ಕೆ ವೃತ್ತದೊಳಗೆ 41, 47, 38 ತೂತು. ಆಮೇಲೆ ಅದಕ್ಕಿಂತ ಬಿಗಿಯಾದ ಟರ್ಕಿ ಚೋಕ್ ಹಾಕಿದೆ: 86, 93, 79. ಅದೇ ಚೋಕ್, 30 ಗಜಕ್ಕೆ ಮೂರೂ 140ರ ಮೇಲೆ. ಆದರೆ 40 ಗಜದಲ್ಲಿ ಎಲ್ಲವೂ ಗುರಿಗಿಂತ 6 ಇಂಚು ಎಡಕ್ಕೆ ಬಿದ್ದಿವೆ. ಚೋಕ್ ಕೆಟ್ಟಿದೆಯಾ?

ಉತ್ತರ:
ಮಗಳಿಗೆ ಶಭಾಶ್ ಹೇಳಿ. ಗೆರೆ ಮೇಲಿನದು ಒಳಗೇ. ನಿಮ್ಮ ತೋಟಾದಲ್ಲಿ ಹತ್ತಿರ ಹತ್ತಿರ 300 ಚರೆ ಇರುತ್ತೆ, ಔನ್ಸಿಗೆ 170ರ ಲೆಕ್ಕ. ಅದರಲ್ಲಿ 40 ಗಜಕ್ಕೆ ಸುಮಾರು 86 ಒಳಗೆ ಬಿದ್ದಿದೆ. ಹಾಗಾದರೆ ಇದು 40 ಗಜದ ಕೋವಿ ಅಲ್ಲ. 30 ಗಜ ಅಂತ ಇಟ್ಟುಕೊಳ್ಳಿ. ಕೂತ ಮರದಿಂದ 30 ಹೆಜ್ಜೆ ಎಣಿಸಿ ಒಂದು ಕಡ್ಡಿ ನೆಡಿ. ಕಡ್ಡಿಯ ಆಚೆ ಹುಂಜ ಎಷ್ಟು ಕುಣಿದರೂ ಸುಮ್ನೆ ಕೂತಿರಿ.

ಎಡಕ್ಕೆ ಹೋಗೋದಕ್ಕೆ ಚೋಕ್ ಒಂದನ್ನೇ ದೂರಬೇಡಿ. 20 ಗಜದ ಹಗುರ ತೋಟಾ ಕಾಗದ ಇಟ್ಟಿದ್ದೀರಲ್ಲ, ಅದನ್ನು ತೆಗೆದು ನೋಡಿ. ಅಲ್ಲೂ 3 ಇಂಚು ಎಡಕ್ಕೆ ಇದ್ದರೆ ಕಣ್ಣಿನ ಸಾಲು ತಪ್ಪಿದೆ. ಕೆನ್ನೆ ಹಿಡಿಗೆ ಸರಿಯಾಗಿ ಕೂತಿಲ್ಲ, ನಳಿಗೆ ತುದಿಯ ಮಣಿಯನ್ನು ಓರೆಯಾಗಿ ನೋಡ್ತಿದ್ದೀರಿ. ಅಲ್ಲಿ ನೆಟ್ಟಗಿದ್ದು ಇಲ್ಲಿ ಮಾತ್ರ ಎಡಕ್ಕೆ ಹೋಗಿದ್ದರೆ ಒದೆತಕ್ಕೆ ಹೆದರಿ ಟ್ರಿಗರ್ ಎಳೀತಿರಬಹುದು. ಅನುಭವ ಇರೋ ಇನ್ನೊಬ್ಬರ ಕೈಯಲ್ಲಿ ಎರಡು ಈಡು ಹೊಡೆಸಿ ನೋಡಿ. ಅವರದೂ ಎಡಕ್ಕೇ ಹೋದರೆ ಕೋವಿಯದೇ ದೋಷ. ಆಗ ಸರಿಪಡಿಸೋಕೆ ಬರೋ ಸೈಟ್ (ಗುರಿ ನೋಡೋ ಸಾಧನ) ಅಥವಾ ಕೆಂಪು ಚುಕ್ಕಿ ತೋರಿಸೋ ರೆಡ್ ಡಾಟ್ ಹಾಕಿಸಿ.

ಏನೇ ಬದಲಾಯಿಸಿದರೂ ಮತ್ತೆ ರೇಂಜಿಗೆ ಹೋಗಿ ಎರಡು ಈಡಾದರೂ ಹೊಡೀಬೇಕು. ತೋಟಾ ಮಾತ್ರ ಬದಲಾಯಿಸಬೇಡಿ. ಅದೇ ಕಂಪನಿ, ಅದೇ ನಂಬರ್, ಅದೇ ಔನ್ಸ್. ಬೇರೆ ಡಬ್ಬಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಮಗಳು ಮತ್ತೆ ಮೊದಲಿಂದ ಎಣಿಸಬೇಕಾಗುತ್ತೆ.