ಥೀಮ್ ಪಾರ್ಕ್ ಪ್ರವಾಸದ ಖರ್ಚನ್ನು ಎಲ್ಲಿ ತಗ್ಗಿಸಬಹುದು?

ಪ್ರಶ್ನೆ: ಎರಡು ವರ್ಷದ ಮಗಳೂ ಸೇರಿದಂತೆ ನಾವು ಐವರು ಮೂರು ದಿನಗಳ ಮಟ್ಟಿಗೆ ಥೀಮ್ ಪಾರ್ಕ್‌ಗೆ ಹೋಗಬೇಕೆಂದಿದ್ದೇವೆ. ಮಕ್ಕಳ ಸಂತೋಷಕ್ಕೆ ಕುಂದು ಬಾರದಂತೆ ಎಲ್ಲಿ ಉಳಿತಾಯ ಮಾಡಬಹುದು?

ಉತ್ತರ 1: ಮೊದಲು ದಿನಾಂಕವನ್ನು ನೋಡಿ. ಅನೇಕ ದೊಡ್ಡ ಪಾರ್ಕ್‌ಗಳಲ್ಲಿ ಟಿಕೆಟ್ ದರ ದಿನಕ್ಕೊಂದರಂತೆ ಬದಲಾಗುವುದರಿಂದ, ಶಾಲಾ ರಜೆಯನ್ನೂ ವಾರಾಂತ್ಯವನ್ನೂ ಬಿಟ್ಟು ಹೋದರೆ ಹಣವೂ ಉಳಿಯುತ್ತದೆ, ಸರತಿ ಸಾಲಿನ ಕಾಟವೂ ತಗ್ಗುತ್ತದೆ. ಮೂರು ದಿನಕ್ಕೂ ಸೇರಿ ಒಂದೇ ಟಿಕೆಟ್ ಕೊಂಡರೆ ದಿನವೊಂದಕ್ಕೆ ಬೀಳುವ ವೆಚ್ಚ ಸಾಮಾನ್ಯವಾಗಿ ಇಳಿಯುತ್ತದೆ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ 3 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಕೆಲವು ಪಾರ್ಕ್‌ಗಳು ವಯಸ್ಸನ್ನು ಕೇಳದೆ ಎತ್ತರವನ್ನು ಅಳೆಯುತ್ತವೆ.

ಉತ್ತರ 2: ನೀರಿನ ಬಾಟಲಿ, ಮಳೆಯಂಗಿ, ಟೋಪಿಗಳನ್ನು ಮನೆಯಿಂದಲೇ ಒಯ್ಯಿರಿ. ಮಳೆಯಂಗಿ ಮರೆತ ನಾವು ಒಳಗಿನ ಅಂಗಡಿಯಲ್ಲಿ ದುಬಾರಿ ಬೆಲೆ ತೆತ್ತೆವು. ಹೊರಗಿನ ತಿಂಡಿಗೆ ಅನುಮತಿಯಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ.

ಪ್ರಶ್ನಿಸಿದವರು: ಧನ್ಯವಾದಗಳು. ಎತ್ತರದ ನಿಯಮ ನಮಗೆ ಹೊಳೆದಿರಲೇ ಇಲ್ಲ.