ಲೆವೊನ್ ರಾಜ ಮತ್ತು ಪೋಪ್ ಇನ್ನೊಸೆಂಟ್: ಯಾರು ಯಾರನ್ನು ಆಟ ಆಡಿಸಿದರು?

ಸಂಜೆಓದು:

ಎಲ್ಲರಿಗೂ ನಮಸ್ಕಾರ. ಮೂರನೇ ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧ) ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸಿಲಿಸಿಯಾದ ಅರ್ಮೇನಿಯನ್ ದೊರೆ ಲೆವೊನ್ ಗೊತ್ತಲ್ಲ? ಈಗಿನ ಟರ್ಕಿಯ ದಕ್ಷಿಣ ಕರಾವಳಿ, ಅದಾನಾ, ತಾರ್ಸಸ್ ಸುತ್ತಮುತ್ತ ಆಳಿದವನು. 1187ರಲ್ಲಿ ಅಣ್ಣ ರೂಬೆನ್‌ನ ಜಾಗಕ್ಕೆ ಬಂದಾಗ ರಾಜ ಎನ್ನುವ ಪಟ್ಟ ಇರಲಿಲ್ಲ. ಹತ್ತು ಹನ್ನೊಂದು ವರ್ಷದಲ್ಲಿ ಅದನ್ನೂ ಗಿಟ್ಟಿಸಿಕೊಂಡ. ಜರ್ಮನ್ ಚಕ್ರವರ್ತಿಯ ಕಿರೀಟ, ರೋಮಿನ ಒಪ್ಪಿಗೆ. ಅದಕ್ಕೆ ಬದಲಾಗಿ ಅರ್ಮೇನಿಯನ್ ಚರ್ಚು ರೋಮಿನ ಜೊತೆ ಸೇರುತ್ತದೆ ಎಂದು ಮಾತು ಕೊಟ್ಟ.

ಇಲ್ಲಿಂದ ಮುಂದೆ ನನಗೆ ತಲೆಬುಡ ಹತ್ತುತ್ತಿಲ್ಲ. 1199ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಇವನಿಗೆ ಸಂತ ಪೀಟರನ ಧ್ವಜ ಕಳಿಸುತ್ತಾನೆ. 1211ರಲ್ಲಿ ಅದೇ ಪೋಪ್ ಇವನಿಗೆ ಚರ್ಚಿನಿಂದ ಬಹಿಷ್ಕಾರ ಹಾಕುತ್ತಾನೆ. 1213ಕ್ಕೆ ಮತ್ತೆ ರಾಜಿ. ಚರ್ಚು ಸೇರುವ ಮಾತು ಮಾತ್ರ ಮಾತಾಗಿಯೇ ಉಳಿಯಿತು. ಲೆವೊನ್ ಪೋಪನಿಗೆ ಟೋಪಿ ಹಾಕಿದನಾ? ಇಲ್ಲಾ ಪೋಪನಿಗೆ ಎಲ್ಲ ಗೊತ್ತಿದ್ದೂ ಸುಮ್ನೆ ಇದ್ದನಾ?

ನಾಣ್ಯದಪೆಟ್ಟಿಗೆ:

ನಾನು ಚರಿತ್ರೆಯ ಮೇಷ್ಟ್ರಲ್ಲ. ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದು ನಿವೃತ್ತನಾದವನು. ಹಳೇ ನಾಣ್ಯಗಳ ಹುಚ್ಚು. ಅದಕ್ಕೇ ಇರಬೇಕು, ಈ ಪತ್ರವ್ಯವಹಾರ ನನಗೆ ಸಾಲದ ಫೈಲಿನ ಹಾಗೆ ಕಾಣುತ್ತದೆ. ಷರತ್ತಿಗೆಲ್ಲ ಸಹಿ ಬಿದ್ದಿದೆ. ಸ್ಥಳ ತನಿಖೆಗೆ ಹೋದವರು ಮಾತ್ರ ಯಾರೂ ಇಲ್ಲ.

ಹಿಂದಿನದು ಸ್ವಲ್ಪ ಹೇಳಿಬಿಡುತ್ತೇನೆ. 1189ರಲ್ಲೇ ಪೋಪ್ ಮೂರನೇ ಕ್ಲೆಮೆಂಟ್ ಲೆವೊನ್‌ಗೂ ಅರ್ಮೇನಿಯನ್ ಚರ್ಚಿನ ಮುಖ್ಯಸ್ಥನಾದ ಕ್ಯಾಥೊಲಿಕೋಸ್‌ಗೂ ಕಾಗದ ಬರೆದು ಕ್ರುಸೇಡಿಗೆ ಸಹಾಯ ಕೇಳಿದ್ದ. ಮರುವರ್ಷ ಚಕ್ರವರ್ತಿ ಫ್ರೆಡೆರಿಕ್ ಬಾರ್ಬರೋಸಾ ದೊಡ್ಡ ದಂಡು ಕಟ್ಟಿಕೊಂಡು ಲೆವೊನ್‌ನ ಗಡಿಗೇ ಬಂದ. ಕಿರೀಟದ ಮಾತು ಆಗಲೇ ಎದ್ದಿತ್ತು. ಆದರೆ 1190ರ ಜೂನ್ 10ರಂದು ಸಿಲಿಫ್ಕೆ ಹತ್ತಿರ ಸಾಲೆಫ್ ನದಿಯಲ್ಲಿ ಚಕ್ರವರ್ತಿ ಮುಳುಗಿ ಸತ್ತ. ಲೆವೊನ್ ಜಪ್ಪಯ್ಯ ಅಂದರೂ ಬಿಡಲಿಲ್ಲ. ಸತ್ತ ಚಕ್ರವರ್ತಿಯ ಮಗ ಆರನೇ ಹೆನ್ರಿಯ ಬಾಗಿಲಿಗೂ ರೋಮಿನ ಬಾಗಿಲಿಗೂ ದೂತರನ್ನು ಓಡಾಡಿಸಿದ. ಕೊನೆಗೆ ಮೈನ್ಜ್‌ನ ಆರ್ಚ್‌ಬಿಷಪ್ ಕಾನ್ರಾಡ್ ಕಿರೀಟ ಹಿಡಿದು ಬಂದ. ಅದು ಲೆವೊನ್‌ನ ತಲೆ ಮೇಲೆ ಕೂರುವಷ್ಟರಲ್ಲಿ ಕಳಿಸಿದ ಹೆನ್ರಿಯೇ ಇರಲಿಲ್ಲ, 1197ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ಅತ್ತ ಬೈಜಾಂಟಿಯಂ ಚಕ್ರವರ್ತಿ ಮೂರನೇ ಅಲೆಕ್ಸಿಯೋಸ್ ಕೂಡ ತನ್ನದೊಂದು ಕಿರೀಟ ಕಳಿಸಿದ್ದ. ಲೆವೊನ್ ಅದನ್ನೂ ಬೇಡ ಅನ್ನಲಿಲ್ಲ!

ಈಗ ಷರತ್ತಿಗೆ ಬರೋಣ. 13ನೇ ಶತಮಾನದ ಅರ್ಮೇನಿಯನ್ ಚರಿತ್ರಕಾರ ಕಿರಾಕೋಸ್ ಇದನ್ನು ಬರೆದಿಟ್ಟಿದ್ದಾನೆ. ರೋಮಿನ ಕಡೆಯವರು ಕೇಳಿದ್ದು ಏನು? ಹಬ್ಬಗಳನ್ನು ಅವರು ಆಚರಿಸುವ ದಿನವೇ ಆಚರಿಸಬೇಕು. ಚರ್ಚಿನಲ್ಲಿ ಹಗಲು ರಾತ್ರಿಯ ಪ್ರಾರ್ಥನೆ ತಪ್ಪಬಾರದು. ಕ್ರಿಸ್ಮಸ್ ಮತ್ತು ಈಸ್ಟರಿನ ಹಿಂದಿನ ದಿನದ ಉಪವಾಸ ಮುರಿಯುವಾಗ ಮೀನು, ಎಣ್ಣೆ ಬಿಟ್ಟು ಬೇರೇನೂ ತಿನ್ನಬಾರದು. ಬಿಷಪ್‌ಗಳು ಸುತರಾಂ ಒಪ್ಪಲಿಲ್ಲ. ಆಗ ಲೆವೊನ್ ಅವರನ್ನು ಪಕ್ಕಕ್ಕೆ ಕರೆದು, ಚಿಂತೆ ಮಾಡಬೇಡಿ, ಮೇಲುಮೇಲಕ್ಕೆ ಒಪ್ಪಿದ ಹಾಗೆ ಮಾಡಿ ನಾನು ಸಂಭಾಳಿಸುತ್ತೇನೆ ಎನ್ನುವ ಅರ್ಥದಲ್ಲಿ ಹೇಳಿದನಂತೆ. ಕಾನ್ರಾಡ್‌ನೂ ಕಚ್ಚಾ ಆಳಲ್ಲ. ಹನ್ನೆರಡು ಬಿಷಪ್‌ಗಳು ಆಣೆ ಮಾಡದೆ ಕಿರೀಟ ಕೊಡುವುದಿಲ್ಲ ಎಂದು ಪಟ್ಟು ಹಿಡಿದ. ಹನ್ನೆರಡು ಜನ ಆಣೆ ಮಾಡಿದರು. ಕೆಲಸ ಆಯಿತು.

ಇನ್ನು ಪಟ್ಟಾಭಿಷೇಕದ ದಿನ ನೋಡಿ. ತಾರ್ಸಸ್‌ನ ಸಂತ ಸೋಫಿಯಾ ಚರ್ಚಿನಲ್ಲಿ, 1198ರ ಜನವರಿ 6 (ಕೆಲವರ ಲೆಕ್ಕದಲ್ಲಿ 1199). ಜನವರಿ 6 ಅಂದರೆ ಅರ್ಮೇನಿಯನ್ನರಿಗೆ ಕ್ರಿಸ್ತನ ಜನನ, ದೀಕ್ಷಾಸ್ನಾನ ಎರಡೂ ಸೇರಿದ ದೊಡ್ಡ ಹಬ್ಬ. ಡಿಸೆಂಬರ್ 25 ಅವರದಲ್ಲ. ಹಬ್ಬದ ದಿನ ಬದಲಿಸುತ್ತೇವೆ ಎಂದು ಆಣೆ ಮಾಡಿ, ಬದಲಿಸದ ಹಬ್ಬದ ದಿನವೇ ಕಿರೀಟ ಇಟ್ಟುಕೊಂಡ ಭೂಪ ಇವನು.

ತನಿಖೆಗೆ ಯಾರೂ ಹೋಗಲಿಲ್ಲ ಅಂದೆನಲ್ಲ, ಒಬ್ಬ ಹೋದ. ಅವನು ತನಿಖೆಗೆ ಬಂದವನಲ್ಲ, ಅಷ್ಟೇ. ವಿಲ್ಬ್ರಾಂಡ್ ಎಂಬ ಜರ್ಮನ್ ಪಾದ್ರಿ, ಓಲ್ಡೆನ್‌ಬರ್ಗ್‌ನವನು, 1211-12ರಲ್ಲಿ ಸಿಲಿಸಿಯಾ ಸುತ್ತಿದ. ರಾಜಧಾನಿ ಸಿಸ್‌ನಲ್ಲಿ ಜನವರಿ 6ರ ಹಬ್ಬಕ್ಕೆ ರಾಜನ ಅತಿಥಿಯಾಗಿ ಹೋಗಿ, ಕುದುರೆ ಏರಿದ ರಾಜ, ನದಿಯತ್ತ ಹೊರಟ ಮೆರವಣಿಗೆ ಎಲ್ಲವನ್ನೂ ಬರೆದಿದ್ದಾನೆ. ಆಣೆ ಮಾಡಿ ಹದಿಮೂರು ಹದಿನಾಲ್ಕು ವರ್ಷ ಕಳೆದಿದ್ದರೂ ಹಬ್ಬ ಅದೇ ದಿನ, ಅದೇ ವೈಭವ.

ನನ್ನ ಹತ್ತಿರ ಲೆವೊನ್‌ನ ಒಂದು ಬೆಳ್ಳಿ ನಾಣ್ಯ ಇದೆ. ಟ್ರಾಮ್ ಅನ್ನುತ್ತಾರೆ. ತೂಕ ಸುಮಾರು 3 ಗ್ರಾಂ. ಒಂದು ಮುಖದಲ್ಲಿ ರಾಜ ಸಿಂಹಾಸನದ ಮೇಲೆ ಕೂತಿದ್ದಾನೆ, ಒಂದು ಕೈಯಲ್ಲಿ ಶಿಲುಬೆ ಇಟ್ಟ ಗೋಳ, ಇನ್ನೊಂದರಲ್ಲಿ ಫ್ರೆಂಚ್ ರಾಜರು ಹಿಡಿಯುವಂಥ ಲಿಲ್ಲಿ ಹೂವು. ಇನ್ನೊಂದು ಮುಖದಲ್ಲಿ ಎರಡು ಸಿಂಹ, ನಡುವೆ ಉದ್ದನೆಯ ಶಿಲುಬೆ. ಭೂತಗನ್ನಡಿ ಇಟ್ಟು ನೋಡಿದರೆ ಅಂಚಿನ ಸುತ್ತ ಅರ್ಮೇನಿಯನ್ ಅಕ್ಷರ: ಅರ್ಮೇನಿಯನ್ನರ ರಾಜ ಲೆವೊನ್, ದೇವರ ಶಕ್ತಿಯಿಂದ. ಅಷ್ಟೇ. ಇದೇ ಮನುಷ್ಯ ಪೋಪನಿಗೆ ಕಾಗದ ಬರೆಯುವಾಗ ತಾನು ದೇವರ ಹಾಗೂ ರೋಮನ್ ಸಾಮ್ರಾಜ್ಯದ ಕೃಪೆಯಿಂದ ರಾಜ ಎಂದು ಬರೆಸುತ್ತಾನೆ. ಕಾಗದ ಓದುವವರು ರೋಮಿನಲ್ಲಿ. ನಾಣ್ಯ ಎಣಿಸುವವರು ಸಿಸ್ ಸಂತೆಯಲ್ಲಿ. ಯಾರಿಗೆ ಏನು ಹೇಳಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಳೆಬತ್ತಿ:

ನಾಣ್ಯದಪೆಟ್ಟಿಗೆ ಸರ್, ಬರಹ ಸೊಗಸಾಗಿದೆ. ಆದರೆ ಎಲ್ಲವನ್ನೂ ಲೆವೊನ್‌ನ ಚಾಲಾಕಿತನಕ್ಕೆ ಹಚ್ಚಿಬಿಟ್ಟರೆ ಒಬ್ಬ ದೊಡ್ಡ ಮನುಷ್ಯನಿಗೆ ಅನ್ಯಾಯ ಆಗುತ್ತದೆ. ಲಂಬ್ರೋನ್‌ನ ನೆರ್ಸೆಸ್. ತಾರ್ಸಸ್‌ನ ಆರ್ಚ್‌ಬಿಷಪ್. ಆಣೆ ಮಾಡಿದ ಹನ್ನೆರಡು ಜನರಲ್ಲಿ ಅವನೂ ಇದ್ದ. ಅವನದು ನಾಟಕ ಅಲ್ಲ, ಚರ್ಚುಗಳು ಒಂದಾಗಬೇಕು ಎಂದು ಮನಸಾರೆ ನಂಬಿದ್ದವನು. ಗ್ರೀಕರ ಜೊತೆ ಮಾತುಕತೆಗೆ 1197ರಲ್ಲಿ ಕಾನ್‌ಸ್ಟಾಂಟಿನೋಪಲಿಗೂ ಹೋಗಿ ಬಂದಿದ್ದ. ಉತ್ತರದ ಹಘ್‌ಪತ್, ಸನಾಹಿನ್ ಮಠಗಳ ಸನ್ಯಾಸಿಗಳು ಇವನು ಲ್ಯಾಟಿನ್ನರ (ರೋಮಿನ ಚರ್ಚಿಗೆ ಸೇರಿದ ಪಶ್ಚಿಮದ ಕ್ರೈಸ್ತರ) ಕಡೆ ವಾಲಿದ್ದಾನೆ ಎಂದು ದೂರು ಹೇಳಿದಾಗ, ಲೆವೊನ್‌ಗೇ ನೇರವಾಗಿ ಪತ್ರ ಬರೆದು ಉತ್ತರ ಕೊಟ್ಟ. 1198ರಲ್ಲಿ ತೀರಿಕೊಂಡ. ಅವನಂಥ ಇನ್ನೊಬ್ಬ ಸಿಗಲಿಲ್ಲ.

ಇನ್ನೊಂದು ವಿಷಯ. ಲೆವೊನ್ ನಿಜವಾಗಿ ಮನಸ್ಸು ಮಾಡಿದ್ದರೂ ಇದು ಅವನ ಕೈಯಲ್ಲಿ ಎಲ್ಲಿತ್ತು? ಕ್ಯಾಥೊಲಿಕೋಸ್ ಕೂರುತ್ತಿದ್ದ ಹ್ರೋಮ್‌ಕ್ಲಾ ಕೋಟೆ ಯೂಫ್ರೆಟಿಸ್ ದಂಡೆಯಲ್ಲಿ, ಲೆವೊನ್‌ನ ರಾಜ್ಯದ ಆಚೆಗಿತ್ತು. ಮೂಲ ಅರ್ಮೇನಿಯಾದ ಮಠಗಳು ಇನ್ನೂ ದೂರ, ಜಾರ್ಜಿಯಾದ ರಾಣಿ ತಮಾರ್ ಕೈಕೆಳಗಿನ ಪ್ರಭುಗಳ ಆಶ್ರಯದಲ್ಲಿ. ಅವರಿಗೆ ಸಿಲಿಸಿಯಾದ ರಾಜ ಏನು ಹೇಳಿದರೂ ಅಷ್ಟಕ್ಕಷ್ಟೇ. ಜನರ ಮಟ್ಟದಲ್ಲೂ ಇದು ಸಣ್ಣ ವಿಷಯ ಅಲ್ಲ. ಹುಳಿ ಹಾಕದ ರೊಟ್ಟಿ ಬಳಸುವುದರಲ್ಲಿ ಅರ್ಮೇನಿಯನ್ನರೂ ರೋಮೂ ಒಂದೇ. ಆದರೆ ದ್ರಾಕ್ಷಾರಸಕ್ಕೆ ರೋಮಿನವರು ನೀರು ಬೆರೆಸುತ್ತಾರೆ, ಅರ್ಮೇನಿಯನ್ನರು ಬೆರೆಸುವುದಿಲ್ಲ. ಶತಮಾನಗಳಿಂದ ಪೂಜೆಯಲ್ಲಿ ಬಂದ ಪದ್ಧತಿಯನ್ನು ಹನ್ನೆರಡು ಸಹಿ ಬದಲಿಸುವುದಿಲ್ಲ.

ಸಂಜೆಓದು:

ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ 1211ರ ಬಹಿಷ್ಕಾರ ಈ ಹಬ್ಬ, ದ್ರಾಕ್ಷಾರಸದ ವಿಷಯಕ್ಕೆ ಬಿದ್ದದ್ದಲ್ವಾ?

ನಾಣ್ಯದಪೆಟ್ಟಿಗೆ:

ಅಲ್ಲವೇ ಅಲ್ಲ. ಹಬ್ಬದ ದಿನಕ್ಕೆ ಇನ್ನೊಸೆಂಟ್ ಯಾವತ್ತೂ ಅಷ್ಟು ದೊಡ್ಡ ಅಸ್ತ್ರ ತೆಗೆಯಲಿಲ್ಲ. ಜಗಳವೆಲ್ಲ ಒಂದು ಕೋಟೆಗೆ. ಬಾಗ್ರಾಸ್.

ಸಿಲಿಸಿಯಾದಿಂದ ಪಕ್ಕದ ಲ್ಯಾಟಿನ್ ರಾಜ್ಯ ಆಂಟಿಯೋಕ್‌ಗೆ ಹೋಗುವ ಬೆಲೆನ್ ಕಣಿವೆದಾರಿಯನ್ನು ಕಾಯುವ ಕೋಟೆ ಅದು. ಅದನ್ನು ಹಿಡಿದವನ ಕೈಯಲ್ಲಿ ದಾರಿ. ಮೊದಲು ಟೆಂಪ್ಲರ್ ಯೋಧ ಸಂನ್ಯಾಸಿಗಳದ್ದು. 1188ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಕಿತ್ತುಕೊಂಡ. 1191ರಲ್ಲಿ ಅವನ ಕಡೆಯವರೇ ಗೋಡೆ ಕೆಡವಿ ಬಿಟ್ಟುಹೋದರು. ಲೆವೊನ್ ನುಗ್ಗಿ ಮತ್ತೆ ಕಟ್ಟಿಕೊಂಡ. ಟೆಂಪ್ಲರುಗಳು ನಮ್ಮದು ಕೊಡು ಎಂದರೆ, ನಾನು ತಗೊಂಡಿದ್ದು ನಿಮ್ಮಿಂದ ಅಲ್ಲವಲ್ಲ ಎಂಬುದು ಇವನ ವಾದ. ಸುಮಾರು 1193-94ರಲ್ಲಿ ಆಂಟಿಯೋಕ್‌ನ ದೊರೆ ಮೂರನೇ ಬೊಹೆಮಂಡ್‌ನನ್ನು ಮಾತುಕತೆಗೆಂದು ಇದೇ ಬಾಗ್ರಾಸ್‌ಗೆ ಕರೆಸಿ ಸೆರೆ ಹಿಡಿದ. ಆ ಜಗಳ ಬಗೆಹರಿದದ್ದು ಮದುವೆಯಲ್ಲಿ. ಲೆವೊನ್‌ನ ಅಣ್ಣನ ಮಗಳು ಆಲಿಸ್‌ಗೂ ಬೊಹೆಮಂಡ್‌ನ ಹಿರಿಯ ಮಗ ರೇಮಂಡ್‌ಗೂ. ಅವರಿಗೆ ಹುಟ್ಟಿದವನು ರೇಮಂಡ್-ರೂಬೆನ್. ರೇಮಂಡ್ ಬೇಗ ಸತ್ತ. 1201ರಲ್ಲಿ ಮುದುಕ ಬೊಹೆಮಂಡ್ ಕಣ್ಣು ಮುಚ್ಚಿದ ಮೇಲೆ, ಆಂಟಿಯೋಕ್ ಈ ಮೊಮ್ಮಗನಿಗೆ ಬರಬೇಕು ಎಂದು ಲೆವೊನ್ ಹಟ ಹಿಡಿದ. ಆದರೆ ಟ್ರಿಪೋಲಿಯಲ್ಲಿದ್ದ ಕಿರಿಯ ಮಗ ನಾಲ್ಕನೇ ಬೊಹೆಮಂಡ್ ಬಂದು ಊರನ್ನೇ ಹಿಡಿದುಕೊಂಡ. ಟೆಂಪ್ಲರುಗಳು ಅವನ ಪಕ್ಷ. ಅಲೆಪ್ಪೋದಿಂದ ಸಲಾದಿನ್‌ನ ಮಗ ಅಲ್-ಜಾಹಿರ್ ಕೂಡ ಅವನಿಗೇ ಬೆಂಬಲ. ಕ್ರುಸೇಡ್ ಅನ್ನೋದು ಹೆಸರಿಗೆ ಅಷ್ಟೇ!

ಲೆವೊನ್‌ಗೆ ಪೋಪ್ ಬೇಕಾಗಿದ್ದುದು ಇದಕ್ಕೇ. ಲ್ಯಾಟಿನ್ ಸಿಂಹಾಸನದ ವ್ಯಾಜ್ಯದಲ್ಲಿ ಲ್ಯಾಟಿನ್ನರು ತಲೆಬಾಗುವ ನ್ಯಾಯಾಧೀಶ ಅವನೊಬ್ಬನೇ. ಸಂತ ಪೀಟರನ ಧ್ವಜವನ್ನು ಪೋಪ್ ಕಳಿಸಿದ್ದು ಶಿಲುಬೆಯ ಶತ್ರುಗಳ ಮೇಲೆ ಎತ್ತಲು. ಲೆವೊನ್‌ನ ಕಣ್ಣು ಆಂಟಿಯೋಕ್ ಮೇಲೆ. ಪೋಪ್ ಪಂಚಾಯಿತಿಗೆ ಇಬ್ಬರು ಕಾರ್ಡಿನಲ್‌ಗಳನ್ನು ಕಳಿಸಿದ, ಪೀಟರ್ ಮತ್ತು ಸೊಫ್ರೆಡೋ. ತೀರ್ಪು ಬರಲಿಲ್ಲ. ನಾಲ್ಕನೇ ಕ್ರುಸೇಡ್‌ನವರು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ ಸುದ್ದಿ ಬಂದಿದ್ದೇ ತಡ, ಇಬ್ಬರೂ ಕೇಸನ್ನು ಹಾಗೇ ಬಿಟ್ಟು ಅತ್ತ ಹೊರಟುಹೋದರು. ಪೋಪನೇ ಆಮೇಲೆ ಪೀಟರ್‌ಗೆ ಬೈದು ಬರೆದಿದ್ದಾನೆ. ಆಂಟಿಯೋಕ್ ಒಳಗೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ, ಅಲ್ಲಿನ ಲ್ಯಾಟಿನ್ ಚರ್ಚಿನ ಮುಖ್ಯಸ್ಥನಾದ ಪೇಟ್ರಿಯಾರ್ಕ್ 1208ರಲ್ಲಿ ಬೊಹೆಮಂಡ್‌ನ ಸೆರೆಮನೆಯಲ್ಲಿ ನೀರಿಲ್ಲದೆ ದೀಪದ ಎಣ್ಣೆ ಕುಡಿದು ಸತ್ತ. ಇಷ್ಟಾದರೂ ಲೆವೊನ್ ಬಾಗ್ರಾಸ್ ಬಿಡಲಿಲ್ಲ, ಟೆಂಪ್ಲರುಗಳ ಬೇರೆ ಆಸ್ತಿಗೂ ಕೈ ಹಾಕಿದ. ಆಗ ಬಂತು ಬಹಿಷ್ಕಾರ.

ಗಮನಿಸಿ, ಇದೇ ಹೊತ್ತಿಗೆ ಅವನು ಟೆಂಪ್ಲರುಗಳ ಎದುರಾಳಿಗಳಾದ ಬೇರೆ ಯೋಧ ಸಂನ್ಯಾಸಿ ಸಂಘಗಳಿಗೆ ಧಾರಾಳವಾಗಿ ಕೊಡುತ್ತಿದ್ದ. 1210ರಲ್ಲಿ ಹಾಸ್ಪಿಟಲರುಗಳಿಗೆ ಸಿಲಿಫ್ಕೆ. 1212ರಲ್ಲಿ ಟ್ಯೂಟಾನಿಕ್ ಯೋಧರಿಗೆ ಅಮುಡಾ ಕೋಟೆ. ರೋಮಿನಲ್ಲಿ ತನ್ನ ಪರ ನಾಲ್ಕು ಮಾತಾಡುವವರು ಇರಲಿ ಅನ್ನುವ ಲೆಕ್ಕಾಚಾರವೂ ಇದರಲ್ಲಿ ಇತ್ತು ಅನ್ನಿಸುತ್ತದೆ ನನಗೆ.

ದಾರಿಹೋಕ:

1213ರ ರಾಜಿಗೆ ನನ್ನದೊಂದು ಮಾತು. ಆ ವರ್ಷದ ಏಪ್ರಿಲ್‌ನಲ್ಲಿ ಇನ್ನೊಸೆಂಟ್ ಹೊಸ ಕ್ರುಸೇಡ್‌ಗೆ ಕರೆ ಕೊಟ್ಟ. ಸಿರಿಯಾದ ಕಡೆ ಸೈನ್ಯ, ಬಂದರು, ಧಾನ್ಯ ಇರುವ ಕ್ರೈಸ್ತ ರಾಜ ಯಾರು? ಲೆವೊನ್. ಅವನನ್ನು ಹೊರಗಿಟ್ಟು ಕ್ರುಸೇಡ್ ಮಾಡುವುದು ಕಷ್ಟ. ಹಾಗಾಗಿ ಪೋಪ್ ಮೋಸ ಹೋದ ಅಂತ ನನಗೆ ಅನ್ನಿಸುವುದಿಲ್ಲ. ಜನವರಿ 6ರ ಹಬ್ಬ ಅವನಿಗೆ ಖಂಡಿತ ಗೊತ್ತಿದ್ದಿರಬೇಕು. ಅದಕ್ಕಿಂತ ಜಾಸ್ತಿ ಬೇಕಾದದ್ದು ಬೇರೆ ಇತ್ತು.

ಸಂಜೆಓದು:

ಸರಿ, ಅರ್ಥ ಆಯಿತು. ಕೊನೇ ಪ್ರಶ್ನೆ. ಆ ಹುಡುಗನಿಗೆ ಆಂಟಿಯೋಕ್ ಸಿಕ್ಕಿತಾ?

ನಾಣ್ಯದಪೆಟ್ಟಿಗೆ:

ಸಿಕ್ಕಿತು. 1216ರ ಫೆಬ್ರವರಿ 14ರ ರಾತ್ರಿ ಲೆವೊನ್‌ನ ಸೈನ್ಯ ಊರೊಳಗೆ ನುಗ್ಗಿ ರೇಮಂಡ್-ರೂಬೆನ್‌ನನ್ನು ಕೂರಿಸಿತು. ಬೊಹೆಮಂಡ್ ಟ್ರಿಪೋಲಿಯಲ್ಲಿದ್ದ ಸಮಯ ನೋಡಿ ಮಾಡಿದ ಕೆಲಸ. ಬಾಗ್ರಾಸ್ ಕೊನೆಗೂ ಟೆಂಪ್ಲರುಗಳಿಗೆ ವಾಪಸಾದದ್ದು ಆಗಲೇ, ಕೆಲಸ ಮುಗಿದ ಮೇಲೆ. ಇನ್ನೊಸೆಂಟ್ ಅದೇ ಜುಲೈನಲ್ಲಿ ತೀರಿಕೊಂಡ.

ಹುಡುಗ ಮೂರೇ ವರ್ಷದಲ್ಲಿ ಎಲ್ಲ ಕಳೆದ. 1219ರಲ್ಲಿ ಊರಿನವರೇ ಬೊಹೆಮಂಡ್‌ನನ್ನು ವಾಪಸ್ ಕರೆದುಕೊಂಡರು. ಲೆವೊನ್ ಸತ್ತದ್ದೂ ಅದೇ ವರ್ಷ, ಸಿಂಹಾಸನವನ್ನು ಪುಟ್ಟ ಮಗಳು ಜಾಬೆಲ್‌ಗೆ ಬಿಟ್ಟು. ರೇಮಂಡ್-ರೂಬೆನ್ ಅಲ್ಲಿಗೂ ಹಕ್ಕು ಹೇಳಿಕೊಂಡು ದಂಡು ತಂದ. ರಾಜ್ಯ ನೋಡಿಕೊಳ್ಳುತ್ತಿದ್ದ ಕಾನ್‌ಸ್ಟಂಟೈನ್ ಅವನನ್ನು ತಾರ್ಸಸ್‌ನಲ್ಲಿ ಹಿಡಿದು ಸೆರೆಗೆ ಹಾಕಿದ. ಅಲ್ಲೇ ಸತ್ತ. ಜಾಬೆಲ್‌ಗೆ ಮೊದಲು ಗಂಡನಾಗಿ ತಂದದ್ದು ಯಾರನ್ನು ಗೊತ್ತಾ? ಬೊಹೆಮಂಡ್‌ನ ಮಗ ಫಿಲಿಪ್‌ನನ್ನು. ಅದು ಇನ್ನೊಂದು ದೊಡ್ಡ ರಾಮಾಯಣ, ಬೇಕಾದರೆ ಬೇರೆ ಪ್ರಶ್ನೆ ಹಾಕಿ, ಅಲ್ಲಿ ಬರೆಯುತ್ತೇನೆ.