ಎರಡನೇ ಸಿಎಫ್ ಕಾರ್ಡ್ ಹಾಕಿದ ಮೇಲೆ ಡಿ ಡ್ರೈವ್ ಖಾಲಿ ತೋರಿಸುತ್ತಿದೆ

ಪ್ರಶ್ನೆ:
ನಮ್ಮ ವರ್ಕ್‌ಶಾಪಿನ ಲೇತ್ ಕಂಟ್ರೋಲರ್ ಒಳಗೆ ಹಳೇ ಎಂಬೆಡೆಡ್ ಬೋರ್ಡ್ ಇದೆ, ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ 6.22. ಹಾರ್ಡ್ ಡಿಸ್ಕಿನ ಜಾಗದಲ್ಲಿ ಇರುವುದು 512 ಎಂಬಿ ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಮೆಮೊರಿ ಕಾರ್ಡ್. ಸಿ ಡ್ರೈವಿನಿಂದ ಬೂಟ್ ಆಗುತ್ತದೆ, ಜಾಬ್ ಪ್ರೋಗ್ರಾಂಗಳೆಲ್ಲ ಡಿಯಲ್ಲಿವೆ. ಬ್ಯಾಕಪ್‌ಗೆ ಅಂತ ನಿನ್ನೆ ಸ್ಲೇವ್ (ಎರಡನೇ ಡಿಸ್ಕಿನ) ಸ್ಲಾಟಿಗೆ 2 ಜಿಬಿ ಕಾರ್ಡ್ ಹಾಕಿದೆ. ಬೂಟ್ ಸರಿಯಾಗಿ ಆಗುತ್ತದೆ, ಆದರೆ ಡಿಯಲ್ಲಿ ಒಂದು ಫೈಲೂ ಇಲ್ಲ! ಹನ್ನೊಂದು ವರ್ಷದ ಪ್ರೋಗ್ರಾಂಗಳು ಸರ್. ಎಲ್ಲ ಹೋಯಿತಾ?

ಉತ್ತರ:
ಗಾಬರಿಯಾಗಬೇಡಿ. ಫಾರ್ಮ್ಯಾಟ್ ಕಮಾಂಡ್ ಮಾತ್ರ ಮುಟ್ಟಬೇಡಿ. 'ಡಿರ್ ಇ:' ಕೊಟ್ಟು ನೋಡಿ, ನಿಮ್ಮ ಫೈಲುಗಳು ಅಲ್ಲಿರಬೇಕು.

ಡ್ರೈವಿನ ಅಕ್ಷರವನ್ನು ಡಾಸ್ ಕಾರ್ಡಿನಲ್ಲಿ ಬರೆದಿಡುವುದಿಲ್ಲ. ಪ್ರತಿ ಸಲ ಬೂಟ್ ಆಗುವಾಗ ಹೊಸದಾಗಿ ಎಣಿಸುತ್ತದೆ. ಮೊದಲು ಪ್ರತಿ ಡಿಸ್ಕಿನ ಒಂದೊಂದು ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ಭಾಗ), ಅವೆಲ್ಲ ಮುಗಿದ ಮೇಲೆ ಎಕ್ಸ್‌ಟೆಂಡೆಡ್ ಅನ್ನೋ ಇನ್ನೊಂದು ಬಗೆಯ ಪಾರ್ಟಿಷನ್ ಒಳಗಿನ ಲಾಜಿಕಲ್ ಡ್ರೈವ್‌ಗಳು. ನಿಮ್ಮ ಹಳೇ ಡಿ ಲಾಜಿಕಲ್ ಇರಬೇಕು. ಹೊಸ ಕಾರ್ಡಿನಲ್ಲಿ ಪ್ರೈಮರಿ ಇರುವುದರಿಂದ ಅದು ನಡುವೆ ನುಗ್ಗಿ ಡಿ ಆಗಿದೆ, ನಿಮ್ಮದು ಇಗೆ ಜರುಗಿದೆ.

ಪ್ರಶ್ನೆ:
ಹೌದು ಸರ್, ಇಯಲ್ಲಿ ಎಲ್ಲಾ ಇದೆ! ಜೀವ ಬಂತು. ಆದರೆ ಕಂಟ್ರೋಲರ್ ಸಾಫ್ಟ್‌ವೇರ್ ಡಿಯನ್ನೇ ಹುಡುಕುತ್ತದೆ, ಅದನ್ನು ಬದಲಿಸಲು ಆಗುವುದಿಲ್ಲ.

ಉತ್ತರ:
ಬದಲಿಸುವುದು ಬೇಡ. ಹೊಸ ಕಾರ್ಡಿನಲ್ಲಿ ಪ್ರೈಮರಿಯೇ ಇಲ್ಲದಂತೆ ಮಾಡಿದರೆ ಸಾಕು. ಆದರೆ ಮೊದಲು ಪವರ್ ಆಫ್ ಮಾಡಿ, ಹಳೇ ಕಾರ್ಡ್ ತೆಗೆದು, ಲ್ಯಾಪ್‌ಟಾಪಿನಲ್ಲಿ ಇಡೀ ಕಾರ್ಡಿನ ಇಮೇಜ್ (ಪೂರ್ತಿ ನಕಲು) ತೆಗೆದಿಡಿ. ಇದನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಎರಡೂ ಕಾರ್ಡ್ ಹಾಕಿ, ಡಿಸ್ಕನ್ನು ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್ ತೆರೆದು 5 ಒತ್ತಿ ಎರಡನೇ ಡಿಸ್ಕಿಗೆ ಹೋಗಿ. ಮೇಲೆ ಡಿಸ್ಕ್ ನಂಬರ್ 2 ಅಂತ ಕಾಣಿಸಲೇಬೇಕು. ಅಲ್ಲಿನ ಪ್ರೈಮರಿ ಅಳಿಸಿ, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ, ಅದರೊಳಗೆ ಒಂದು ಲಾಜಿಕಲ್ ಡ್ರೈವ್. 500 ಎಂಬಿ ಸಾಕು. ಪೂರ್ತಿ 2 ಜಿಬಿ ಕೊಟ್ಟರೆ ಕ್ಲಸ್ಟರ್ (ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ) 32 ಕೆಬಿ ಆಗುತ್ತದೆ, 2 ಕೆಬಿಯ ಪುಟ್ಟ ಪ್ರೋಗ್ರಾಂ ಕೂಡ ಅಷ್ಟು ಜಾಗ ತಿನ್ನುತ್ತದೆ. 500ಕ್ಕೆ 8 ಕೆಬಿ.

ಈಗ ಜೋಪಾನ. ಇವತ್ತು ಇ ಅಂದರೆ ನಿಮ್ಮ ಹನ್ನೊಂದು ವರ್ಷದ ಕೆಲಸ. ರೀಬೂಟ್ ಆದ ಮೇಲೆ ಇ ಅಂದರೆ ಖಾಲಿ ಕಾರ್ಡ್. 'ಫಾರ್ಮ್ಯಾಟ್ ಇ:' ಅನ್ನು ಒಂದು ಹೆಜ್ಜೆ ಮೊದಲೇ ಕೊಟ್ಟರೆ ಎಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಈಗಲೇ 'ಲೇಬಲ್ ಇ:' ಕೊಟ್ಟು ನಿಮ್ಮ ಡ್ರೈವಿಗೆ 'ಜಾಬ್ಸ್' ಅಂತ ಹೆಸರಿಡಿ. ರೀಬೂಟ್ ಮಾಡಿ 'ಡಿರ್ ಡಿ:' ಕೊಡಿ. ಜಾಬ್ಸ್ ಅನ್ನೋ ಹೆಸರು, ನಿಮ್ಮ ಫೈಲುಗಳು ಎರಡೂ ಕಂಡರೆ ಮಾತ್ರ ಇಯನ್ನು ಫಾರ್ಮ್ಯಾಟ್ ಮಾಡಿ.

ಪ್ರಶ್ನೆ:
ಹಾಗೇ ಮಾಡಿದೆ ಸರ್. ರೀಬೂಟ್ ಆದ ಮೇಲೆ ಡಿಯಲ್ಲಿ ಜಾಬ್ಸ್ ಬಂತು. ಇ ಓದಲು ಹೋದರೆ 'ಇನ್‌ವ್ಯಾಲಿಡ್ ಮೀಡಿಯಾ ಟೈಪ್' ಅಂತ ಬರುತ್ತಿದೆ, ಕಾರ್ಡ್ ಕೆಟ್ಟಿದೆಯಾ?

ಉತ್ತರ:
ಇಲ್ಲ, ಇನ್ನೂ ಫಾರ್ಮ್ಯಾಟ್ ಆಗಿಲ್ಲ ಅಷ್ಟೇ. ಈಗ ಧೈರ್ಯವಾಗಿ ಮಾಡಿ. ಬೂಟ್ ಫೈಲುಗಳನ್ನು ಸೇರಿಸುವ '/ಎಸ್' ಹಾಕುವುದು ಬೇಡ, ಇದು ಬೂಟ್ ಆಗುವ ಡ್ರೈವ್ ಅಲ್ವಲ್ಲ.

ಪ್ರಶ್ನೆ:
ಆಯಿತು ಸರ್. ಈಗ ಫೈಲುಗಳನ್ನು ನಕಲು ಮಾಡುವ ಎಕ್ಸ್‌ಕಾಪಿ ಓಡುತ್ತಿದೆ, ಫೈಲುಗಳ ಹೆಸರು ಒಂದೊಂದಾಗಿ ಸ್ಕ್ರೀನ್ ಮೇಲೆ ಹೋಗುತ್ತಿವೆ. ತುಂಬಾ ಥ್ಯಾಂಕ್ಸ್.